ಅಹವಾಲು ಮತ್ತು ಉತ್ತರ: ಕೊಳ್ಳೇಗಾಲ ಸೀಮೆಯ ಚರಿತ್ರೆಯ ಒಂದೆಳೆ



ಮಹದೇಶ್ವರ ಬೆಟ್ಟದ ಜಾತ್ರೆಗೆ ಕೊಳ್ಳೇಗಾಲದ ಮಾರ್ಗವಾಗಿ ಹೋಗಿಬಂದವರಿಗೆ ಹನೂರಿನ ಸುತ್ತಣ ಹಳ್ಳಿಗಳ ಹೆಸರುಗಳು ಹೊಸವೇನಲ್ಲ. ಕಾಮಗೆರೆ, ಶಾಗ್ಯ, ಬಂಡಳ್ಳಿ, ಲೊಕ್ಕನಹಳ್ಳಿ, ರಾಮಾಪುರ, ಕೌದಳ್ಳಿ ಮುಂತಾದ ಊರುಗಳು ಬೆಟ್ಟಕ್ಕೂ ಬಯಲಿಗೂ ನಡುವಣ ನೆಲದಲ್ಲಿವೆ. ಇವುಗಳಲ್ಲಿ ಬಂಡಳ್ಳಿಯನ್ನೇ ಉದಾಹರಣೆಗೆಂದು ತೆಗೆದುಕೊಳ್ಳೋಣ. 1900ರ ಸುಮಾರಿನಲ್ಲಿ ಆ ಊರಿಗೆ ವಾಂತಿಭೇದಿಯ ಬೇನೆ ಬಂದಿತೆಂದು ಭಾವಿಸಿರಿ. ಮನೆಯಲ್ಲಿ ಎರಡು ಸಾವು ಕಂಡ ರೈತನೊಬ್ಬನು ‘ನಮ್ಮ ಕಡೆಗೆ ವೈದ್ಯನಿಲ್ಲ, ಔಷಧವಿಲ್ಲ, ಕುಡಿಯುವ ನೀರಿನ ಬಾವಿ ಕೆಟ್ಟಿದೆ’ ಎಂದು ಸರ್ಕಾರಕ್ಕೆ ಬಿನ್ನವಿಸಿಕೊಳ್ಳಬೇಕೆಂದು ಹೊರಟರೆ, ಆತನ ಮಾತು ಯಾರ ಕಿವಿಗೆ ಬೀಳಬೇಕಾಗಿತ್ತು? ಆ ಮಾತಿಗೆ ಉತ್ತರ ಕೊಡುವ ಬಾಧ್ಯತೆ ಯಾರಿಗಿತ್ತು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ನಮ್ಮ ಸೀಮೆಯ ಇನ್ನೂರು ವರ್ಷಗಳ ಚರಿತ್ರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಆ ಕಥೆಯನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಆತನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಹಂಚಿಕೆಯ ಗೆರೆ ನಮ್ಮ ಸೀಮೆಯ ನಡುವೆಯೇ ಹಾದುಹೋಯಿತು. ಚಾಮರಾಜನಗರದ ಕಡೆಯ ನೆಲ ಮೈಸೂರು ಒಡೆಯರ ಸಂಸ್ಥಾನಕ್ಕೆ ಉಳಿಯಿತು. ಕೊಳ್ಳೇಗಾಲವು ಕಂಪೆನಿಯ ಪಾಲಿಗೆ ಹೋಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಎರಡರ ಮಧ್ಯದಲ್ಲಿದ್ದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಒಂದೇ ಭಾಷೆಯನ್ನಾಡುವ, ಒಂದೇ ಮಾದಪ್ಪನಿಗೆ ಹರಕೆ ಹೊರುವ, ಒಬ್ಬರ ಮನೆಯ ಹೆಣ್ಣನ್ನು ಇನ್ನೊಬ್ಬರು ತಂದುಕೊಳ್ಳುವ ಜನ ಮೂರು ಬಗೆಯ ಆಡಳಿತಗಳ ಕೆಳಗೆ ಬಂದರು. ಕೊಳ್ಳೇಗಾಲ, ಹನೂರು, ಬಂಡಳ್ಳಿಗಳ ಪಾಲಿಗೆ ಈ ಏರ್ಪಾಡು 1956ರ ನವೆಂಬರ್ 1ರವರೆಗೆ, ಎಂದರೆ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ನಡೆಯಿತು. ಗೆರೆಯ ಯಾವ ಪಕ್ಕದಲ್ಲಿ ಹುಟ್ಟಿದನೆಂಬುದರ ಮೇಲೆ ಪ್ರಜೆಯು ಸರ್ಕಾರದೊಡನೆ ಮಾತನಾಡುವ ಬಗೆಯೇ ಬೇರೆಯಾಗುತ್ತಿತ್ತು.

ಮೊದಲು ಮೈಸೂರಿನ ಪಕ್ಕವನ್ನು ನೋಡೋಣ. ಅಲ್ಲಿ 1881ರಲ್ಲಿ ಒಂದು ಅಪೂರ್ವ ಸಂಗತಿ ನಡೆಯಿತು. ಅದನ್ನು ತಿಳಿಯಬೇಕಾದರೆ ಅದರ ಹಿಂದಿನ ದುಃಖವನ್ನೂ ನೆನೆಯಬೇಕು. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರಗಾಲವು ಮೈಸೂರು ಸೀಮೆಯ ಐವತ್ತು ಲಕ್ಷದಷ್ಟು ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿಯನ್ನು ಬಲಿತೆಗೆದುಕೊಂಡಿತು. ಹಸಿವಿನಿಂದ ಸತ್ತವರಷ್ಟೇ ಅಲ್ಲದೆ ಹಸಿವಿನ ಬೆನ್ನಿಗೆ ಬಂದ ರೋಗಗಳಿಂದ ಸತ್ತವರೂ ಅದರಲ್ಲಿ ಸೇರಿದ್ದರು. ಆಗ ರಾಜ್ಯವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು. ಬರಗಾಲ ಮುಗಿದಾಗ ಬೊಕ್ಕಸದ ಮೇಲೆ ಸುಮಾರು 80 ಲಕ್ಷ ರೂಪಾಯಿಗಳ ಸಾಲ ನಿಂತಿತ್ತು. 1881ರ ಮಾರ್ಚ್ 25ರಂದು ರಾಜ್ಯವು ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿ ಬಂದಾಗ ದಿವಾನರಾಗಿದ್ದ ಸಿ. ರಂಗಾಚಾರ್ಲು ಅವರ ತಲೆಯ ಮೇಲೆ ಬಂದದ್ದು ಸಿಂಹಾಸನದ ವೈಭವವಲ್ಲ, ಈ ಸಾಲದ ಹೊರೆ.

ಅಂಥ ಹೊತ್ತಿನಲ್ಲಿ ಸಾಮಾನ್ಯ ಮಂತ್ರಿಯಾದವನು ಲೆಕ್ಕದ ಪುಸ್ತಕವನ್ನು ಮುಚ್ಚಿಡುತ್ತಾನೆ. ರಂಗಾಚಾರ್ಲು ಅವರು ತೆರೆದಿಟ್ಟರು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ ರೈತರನ್ನೂ ಜಿಲ್ಲೆಗಳಿಂದ ಪ್ರಮುಖ ವರ್ತಕರನ್ನೂ ದಸರೆಯ ಸಮಯಕ್ಕೆ ಮೈಸೂರಿಗೆ ಕರೆಸಿ, ಅವರ ಮುಂದೆ ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಯಾವುದಕ್ಕೆ ಏನು ಹಣ ಎಂಬುದನ್ನು ವಿವರಿಸಬೇಕೆಂದೂ, ಬಂದವರು ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಬೇಕೆಂದೂ ಏರ್ಪಾಟಾಯಿತು. 1881ರ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳು ಕಲೆತರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ದೇಶೀಯ ಸಂಸ್ಥಾನಗಳಲ್ಲಿ ಮಾತ್ರವಲ್ಲ, ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತಗಳಲ್ಲಿಯೂ ಆಗ ಅದಕ್ಕೆ ಸಮನಾದುದು ಇರಲಿಲ್ಲ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವೆಂಬುದನ್ನು ವಾಚಕರು ಗಮನಿಸಬೇಕು.

ಸಭೆಗೆ ಅಧಿಕಾರವೇನೂ ಇರಲಿಲ್ಲ. ಅದು ಕಾನೂನು ಮಾಡಲಾರದು, ತೆರಿಗೆಯನ್ನು ತಡೆಯಲಾರದು, ದಿವಾನರನ್ನು ಕೆಳಗಿಳಿಸಲಂತೂ ಆಗದು. ಚುನಾವಣೆಯ ಪದ್ಧತಿ 1891ರಲ್ಲಿ ಬಂದರೂ ಮತ ಹಾಕುವ ಹಕ್ಕು ಕಂದಾಯ ಕಟ್ಟುವ ಅನುಕೂಲಸ್ಥರದು. ಕೂಲಿಯವನಿಗೆ, ಊರ ಹೊರಗೆ ಇಡಲ್ಪಟ್ಟವನಿಗೆ, ಹೆಂಗಸರಿಗೆ ಅಲ್ಲಿ ಬಹುಕಾಲ ಸ್ಥಳವಿರಲಿಲ್ಲ. ಇಷ್ಟೆಲ್ಲ ಕೊರತೆಗಳಿದ್ದರೂ ಆ ಸಭೆಗೆ ಒಂದು ಬೆಲೆಯಿತ್ತು. ಯಾವುದೋ ತಾಲ್ಲೂಕಿನ ಪ್ರತಿನಿಧಿ ಎದ್ದುನಿಂತು ‘ನಮ್ಮ ಕೆರೆ ಒಡೆದಿದೆ, ನಮ್ಮಲ್ಲಿ ಆಸ್ಪತ್ರೆಯಿಲ್ಲ, ಕಾಡಿನ ಇಲಾಖೆಯವರು ಸೌದೆಗೂ ಬಿಡುವುದಿಲ್ಲ’ ಎಂದು ಹೇಳಿದರೆ ಅದಕ್ಕೆ ಉತ್ತರವನ್ನು ಕೊಡಲೇಬೇಕಾಗಿತ್ತು. ಆಗದೆಂದು ಹೇಳಬಹುದು, ಹಣವಿಲ್ಲವೆಂದು ಹೇಳಬಹುದು, ಸುಮ್ಮನಿರುವಂತಿರಲಿಲ್ಲ. ಆ ಅಹವಾಲೂ ಆ ಉತ್ತರವೂ ಸಭೆಯ ನಡಾವಳಿಯಲ್ಲಿ ಅಚ್ಚಾಗಿ ಉಳಿಯುತ್ತಿದ್ದುವು. ಮುಂದಿನ ದಸರೆಗೆ ಅದೇ ಪ್ರತಿನಿಧಿ ಅದೇ ಪುಟವನ್ನು ಹಿಡಿದು ಬರಬಹುದಾಗಿತ್ತು.

ಪ್ರಜೆ ಬೇಡಿಕೊಳ್ಳುವುದು ಹೊಸದಲ್ಲ, ದೊರೆಗಳ ಕಾಲದಲ್ಲಿಯೂ ಪಾಳೆಯಗಾರರ ಕಾಲದಲ್ಲಿಯೂ ಬೇಡಿಕೊಂಡಿದ್ದಾನೆ. ದೊರೆ ಕರುಣೆ ತೋರಿಯೂ ಇದ್ದಾನೆ. ಆದರೆ ಕರುಣೆಗೆ ದಾಖಲೆಯಿಲ್ಲ. ಇಂದು ಕೊಟ್ಟ ಮಾತನ್ನು ನಾಳೆ ಕೊಟ್ಟಿಲ್ಲವೆಂದರೆ ತೋರಿಸಲು ಪ್ರಜೆಯ ಕೈಯಲ್ಲಿ ಏನೂ ಇರುವುದಿಲ್ಲ. ಅಹವಾಲು ಕಾಗದದ ಮೇಲೆ ಬಂದು, ಅದಕ್ಕೆ ಪ್ರತಿಯಾಗಿ ಉತ್ತರವೂ ಕಾಗದದ ಮೇಲೆ ಬಂದಾಗ ಆಳುವವನಿಗೂ ಆಳಿಸಿಕೊಳ್ಳುವವನಿಗೂ ನಡುವೆ ಬೇರೊಂದು ಸಂಬಂಧ ಹುಟ್ಟುತ್ತದೆ. ಸಭೆಯು ಶಾಸನಬದ್ಧ ಸ್ಥಾನವನ್ನು ಪಡೆದದ್ದು 1923ರಲ್ಲಿ. ಅದು ಕೊನೆಗೊಂಡದ್ದು 1949ರಲ್ಲಿ. ಈ 68 ವರ್ಷಗಳಲ್ಲಿ ಮೈಸೂರಿನ ಪ್ರಜೆಗೆ ದಕ್ಕಿದ್ದು ಲಿಖಿತ ಉತ್ತರವನ್ನು ನಿರೀಕ್ಷಿಸುವ ಅಭ್ಯಾಸ.

ಅದು ಇಲ್ಲದ ಕಡೆ, ಅಥವಾ ಇದ್ದೂ ಜನರವರೆಗೆ ಮುಟ್ಟದ ಕಡೆ ಏನಾಗುತ್ತದೆಂಬುದಕ್ಕೂ ಮೈಸೂರೇ ಉದಾಹರಣೆ ಕೊಟ್ಟಿದೆ. 1898ರಲ್ಲಿ ಪ್ಲೇಗು ಕಾಲಿಟ್ಟಾಗ ಸರ್ಕಾರವು ಕಟ್ಟುನಿಟ್ಟಾದ ನಿಯಮಗಳನ್ನು ಹೊರಡಿಸಿತು. ಮನೆಗಳ ತಪಾಸಣೆ, ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಶೆಡ್ಡುಗಳಿಗೆ ಒಯ್ಯುವುದು, ಇವೆಲ್ಲ ವೈದ್ಯಶಾಸ್ತ್ರದ ದೃಷ್ಟಿಯಿಂದ ಅಗತ್ಯವೆಂದೇ ತೋರಿದ್ದುವು. ಏತಕ್ಕೆಂದು ಹಳ್ಳಿಯ ಜನಕ್ಕೆ ತಿಳಿಯಹೇಳಿದವರು ಕಡಿಮೆ. ಶ್ರೀರಂಗಪಟ್ಟಣದ ಮಗ್ಗುಲಲ್ಲಿರುವ ಗಂಜಾಮಿನಲ್ಲಿ ಜನ ದಂಗೆಯೆದ್ದರು. ರೋಗವನ್ನು ತಡೆಯಲು ಬಂದ ಸರ್ಕಾರವನ್ನೇ ಜನ ರೋಗವೆಂದು ಬಗೆದ ದುರ್ದಿನವದು.

ಈಗ ಗೆರೆಯ ಈಚೆ ಪಕ್ಕಕ್ಕೆ, ಬಂಡಳ್ಳಿಗೆ ಬರೋಣ. ಇಲ್ಲಿಯ ರೈತನಿಗೆ ದಸರೆಯ ಸಭೆಯಿಲ್ಲ. ಮೈಸೂರು ಪಟ್ಟಣ ಹತ್ತಿರವಿದ್ದರೂ ಅದು ಪರರಾಜ್ಯ. ಆತನ ಜಿಲ್ಲೆಯ ಕಲೆಕ್ಟರು ಇರುವುದು ಹಾಸನೂರಿನ ಕಾಡು ದಾಟಿ, ದಿಂಬಂ ಘಾಟಿಯನ್ನಿಳಿದು, ಸತ್ಯಮಂಗಲದ ಆಚೆಗೆ ದೂರದ ಕೊಯಮತ್ತೂರಿನಲ್ಲಿ. ಆ ಜಿಲ್ಲೆಯ ಜನರ ನುಡಿ ಬಹುಪಾಲು ತಮಿಳು. ಮೇಲಿನ ಕಚೇರಿಯ ಬರಹ ಇಂಗ್ಲಿಷು. ಕೊಳ್ಳೇಗಾಲದ ಕನ್ನಡಿಗ ಅಲ್ಲಿ ಒಂದು ಅಂಚಿನ ತಾಲ್ಲೂಕಿನವನು. ಹಾಗೆಂದು ಮದರಾಸು ಸರ್ಕಾರ ಏನೂ ಮಾಡಲಿಲ್ಲವೆಂದು ಬರೆದರೆ ಅನ್ಯಾಯವಾದೀತು. 1884ರ ಕಾಯಿದೆಯಂತೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಏರ್ಪಟ್ಟುವು. ರಸ್ತೆ, ಶಾಲೆ, ಔಷಧಾಲಯ, ದೇವಿ ಹಾಕುವ ಕೆಲಸ ಇವೆಲ್ಲ ಆ ಬೋರ್ಡುಗಳ ಪಾಲಿಗೆ ಬಂದುವು. ಕಾಯಿದೆಯ ಬರಹದಲ್ಲಿ ಅದು ಮೈಸೂರಿನ ಸಭೆಗಿಂತ ಮುಂದುವರಿದದ್ದೇ. ಬೋರ್ಡಿನ ಕೈಯಲ್ಲಿ ಹಣವಿತ್ತು, ಅಧಿಕಾರವಿತ್ತು. ಕೊರತೆಯಿದ್ದದ್ದು ದೂರದ್ದು. ಘಾಟಿಯನ್ನು ಹತ್ತಿ ಇಳಿಯುವಷ್ಟರಲ್ಲಿ ಅಹವಾಲಿನ ಬಿಸಿ ಆರಿಹೋಗುತ್ತದೆ. ಬಂಡಳ್ಳಿಯ ನಮ್ಮ ಕಲ್ಪನೆಯ ರೈತನು ಕೈಚೆಲ್ಲಿ ಕುಳಿತಿದ್ದರೆ ಅದು ಅಜ್ಞಾನದಿಂದಲ್ಲ, ದಾರಿಯ ಲೆಕ್ಕ ಹಾಕಿಯೇ ಕುಳಿತಿರಬೇಕು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲವು ಮೈಸೂರು ಜಿಲ್ಲೆಗೆ ಬಂದಿತು. ನುಡಿಯ ತೊಡಕು ನೀಗಿತು, ಮತದ ಹಕ್ಕು ಎಲ್ಲರಿಗೂ ಬಂದಿತ್ತು. ದೂರ ಮಾತ್ರ ಪೂರ್ತಿ ಹೋಗಲಿಲ್ಲ. 1997ರ ಆಗಸ್ಟ್ 15ರಂದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು; ಅದಾದ ಎರಡು ದಶಕಗಳ ಬಳಿಕ ಹನೂರು ತನ್ನದೇ ತಾಲ್ಲೂಕು ಕಚೇರಿಯನ್ನು ಪಡೆಯಿತು. ನಕಾಶೆಯ ಮೇಲೆ ಸರ್ಕಾರವು ಬಂಡಳ್ಳಿಯತ್ತ ಹೆಜ್ಜೆಹೆಜ್ಜೆಯಾಗಿ ನಡೆದು ಬಂದಿದೆ. ಅದರೊಡನೆ ಉತ್ತರ ಕೊಡುವ ಬಾಧ್ಯತೆಯೂ ನಡೆದು ಬಂದಿದೆಯೇ ಎಂಬುದೇ ನೋಡಬೇಕಾದದ್ದು.

ಈ ಬಾಧ್ಯತೆಯ ವಿಷಯದಲ್ಲಿ ಇಡೀ ರಾಜ್ಯಕ್ಕೇ ಪಾಠ ಹೇಳಿದ ಒಂದು ಕೆಲಸ ನಮ್ಮ ಯಳಂದೂರು ತಾಲ್ಲೂಕಿನಲ್ಲಿ ಆರಂಭವಾದದ್ದೆಂಬುದು ಹೆಮ್ಮೆಯ ಮಾತು. ಡಾ. ಎಚ್. ಸುದರ್ಶನ್ ಎಂಬ ವೈದ್ಯರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಯಳಂದೂರಿನಲ್ಲಿ ಕುಷ್ಠರೋಗ ಹೆಚ್ಚಾಗಿದ್ದುದನ್ನು ಕಂಡು 1986ರಲ್ಲಿ ಕರುಣಾ ಟ್ರಸ್ಟು ಹುಟ್ಟಿತು. 1996ರಲ್ಲಿ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಆ ಟ್ರಸ್ಟಿನ ಆಡಳಿತಕ್ಕೆ ಒಪ್ಪಿಸಿತು. ಹಳ್ಳಿಯ ಆಸ್ಪತ್ರೆಯನ್ನು ಖಾಸಗಿ ಸಂಸ್ಥೆಗೆ ಒಪ್ಪಿಸುವುದು ಸರಿಯೇ ಎಂಬ ಚರ್ಚೆ ಅಂದಿನಿಂದಲೂ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸರ್ಕಾರದ ಕರ್ತವ್ಯವನ್ನು ಧರ್ಮಸಂಸ್ಥೆಗಳು ಪೂರ್ತಿಯಾಗಿ ಹೊತ್ತುಕೊಂಡರೆ ಸರ್ಕಾರವು ಹಾಯಾಗಿ ಮರೆತುಬಿಡುವ ಅಪಾಯವುಂಟು. ಮಠಗಳ ಆಸ್ಪತ್ರೆ, ಶಾಲೆಗಳನ್ನು ಬಲ್ಲ ನಮಗೆ ಇದು ಅಪರಿಚಿತ ವಿಚಾರವೇನಲ್ಲ.

ಆದರೆ ಸುದರ್ಶನರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1999ರಲ್ಲಿ ರಾಜ್ಯ ಸರ್ಕಾರವು ಆರೋಗ್ಯ ಸೇವೆಯ ಸ್ಥಿತಿಗತಿಗಳನ್ನು ಪರಿಶೀಲಿಸಲು ಕಾರ್ಯಪಡೆಯೊಂದನ್ನು ನೇಮಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 2001ರಲ್ಲಿ ಬಂದ ಅಂತಿಮ ವರದಿಯು ಪ್ರದೇಶ ಪ್ರದೇಶಗಳ ನಡುವಣ ಅಸಮಾನತೆ, ಸಾರ್ವಜನಿಕ ಆರೋಗ್ಯದ ಕಡೆಗಣನೆ ಇವುಗಳೊಡನೆ ಭ್ರಷ್ಟಾಚಾರವನ್ನೂ ಪ್ರಧಾನ ಚಿಂತೆಯಾಗಿ ಎತ್ತಿ ಹೇಳಿತು. ವರದಿಗಳು ಕಪಾಟು ಸೇರುವುದು ಲೋಕರೂಢಿ. ಇಲ್ಲಿ ಬರೆದವರೇ ಮುಂದೆ ಜಾರಿಗೂ ನಿಂತದ್ದು ವಿಶೇಷ. 1984ರ ಕಾಯಿದೆಯಿಂದ ಹುಟ್ಟಿದ ಲೋಕಾಯುಕ್ತ ಸಂಸ್ಥೆಗೆ 2001ರಲ್ಲಿ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಬಂದರು. ಅವರ ಕಾಲದಲ್ಲಿ ಸುದರ್ಶನರು ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ ಕೆಲಸ ಮಾಡಿದರು. ಹೆರಿಗೆಗೆ ಬಂದವಳಿಂದ ಹಣ ಕೇಳುವುದು, ಇರುವ ಔಷಧವನ್ನು ಇಲ್ಲವೆನ್ನುವುದು, ಸರ್ಕಾರದ ಸಂಬಳ ಪಡೆದು ಸ್ವಂತ ದವಾಖಾನೆಯಲ್ಲಿ ಕೂರುವುದು, ಇವೆಲ್ಲ ದೂರು ಕೊಡಬಹುದಾದ ಅಪರಾಧಗಳು, ಹಣೆಬರಹವಲ್ಲ ಎಂಬ ಅರಿವು ಹಳ್ಳಿಗಳವರೆಗೆ ಹರಡಿದ್ದು ಆ ಐದು ವರ್ಷಗಳಲ್ಲಿಯೇ.

ಸುಮಾರಾಗಿ ಇದೇ ಕಾಲದಲ್ಲಿ ದೇಶದ ಸರ್ವೋನ್ನತ ನ್ಯಾಯಾಲಯವೂ ಒಂದು ಮುಖ್ಯ ತೀರ್ಪನ್ನು ಕೊಟ್ಟಿತ್ತು. 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿಕಾರ್ಮಿಕನೊಬ್ಬನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸರ್ಕಾರಿ ಆಸ್ಪತ್ರೆಯಿಂದ ಸರ್ಕಾರಿ ಆಸ್ಪತ್ರೆಗೆ ಅವನನ್ನು ಹೊತ್ತುಕೊಂಡು ತಿರುಗಿದರು. ಒಂದು ಕಡೆ ಹಾಸಿಗೆಯಿಲ್ಲ, ಇನ್ನೊಂದು ಕಡೆ ಸಲಕರಣೆಯಿಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ಹಣ ಕೊಟ್ಟು ಬದುಕಿಕೊಂಡನು. ಆತನ ಸಂಘದವರು ದಾವೆ ಹೂಡಿದರು. 1996ರಲ್ಲಿ ನ್ಯಾಯಾಲಯವು, ತುರ್ತು ಚಿಕಿತ್ಸೆ ಸಂವಿಧಾನದ 21ನೆಯ ವಿಧಿಯ ಜೀವದ ಹಕ್ಕಿಗೆ ಸೇರಿದ್ದೆಂದೂ, ಹಣವಿಲ್ಲವೆಂಬ ನೆಪದಿಂದ ಸರ್ಕಾರ ಆ ಹೊಣೆಯನ್ನು ಕಳಚಿಕೊಳ್ಳಲಾಗದೆಂದೂ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು. ಆದರೆ ‘ಹಣವಿಲ್ಲ’ ಎಂಬ ಉತ್ತರ ದಿವಾನರ ಕಾಲದಲ್ಲಿ ಸಾಕಾಗುತ್ತಿತ್ತು. ಇನ್ನು ಮುಂದೆ ಸಾಲದು ಎಂದಾಯಿತು.

ತೀರ್ಪು ದೆಹಲಿಯಲ್ಲಾಯಿತು, ನಮ್ಮ ಬೆಟ್ಟದ ಸೀಮೆಗೆ ಅದು ಎಷ್ಟರಮಟ್ಟಿಗೆ ಮುಟ್ಟಿತು? 2018ರ ಡಿಸೆಂಬರ್ 14ರಂದು ಹನೂರು ಸೀಮೆಯ ಸುಳ್ವಾಡಿಯಲ್ಲಿ ದೇವಾಲಯದ ಪ್ರಸಾದಕ್ಕೆ ವಿಷ ಬೆರೆತು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಮಂದಿ ತೀರಿಕೊಂಡರು. ಆ ಪಾತಕದ ಮಾತು ನ್ಯಾಯಾಲಯಕ್ಕೆ ಬಿಟ್ಟದ್ದು. ಇಲ್ಲಿ ನೆನೆಯಬೇಕಾದದ್ದು ಅಂದಿನ ದಾರಿಯನ್ನು. ವಿಷವೇರಿದ ಜನರನ್ನು ಹತ್ತಿರದ ಆಸ್ಪತ್ರೆಗಳಲ್ಲಿ ತೋರಿಸಿ, ಅಲ್ಲಿ ತೀವ್ರ ಚಿಕಿತ್ಸೆಯ ಅನುಕೂಲ ಸಾಲದೆ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸಬೇಕಾಯಿತು. ವಿಷದ ವಿಷಯದಲ್ಲಿ ಪ್ರತಿ ಗಳಿಗೆಗೂ ಬೆಲೆಯುಂಟೆಂಬುದನ್ನು ಹಾವು ಕಚ್ಚಿದವರನ್ನು ಕಂಡ ಹಳ್ಳಿಗರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು 2021ರ ಮೇ ತಿಂಗಳ ಸಂಗತಿ. ಇದನ್ನು ಕುರಿತು ಸ್ವಲ್ಪ ಸಾವಕಾಶವಾಗಿ ಬರೆಯುವುದು ಅಗತ್ಯ. ಕೋವಿಡ್ ವ್ಯಾಧಿಯ ಎರಡನೆಯ ಅಲೆ ಏರಿದ್ದಾಗ, ಮೇ 2ರ ರಾತ್ರಿಯಿಂದ ಮೇ 3ರ ಬೆಳಗಿನವರೆಗೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ತೀರಿಹೋಯಿತು. ಸಿಲಿಂಡರುಗಳು ಬರಬೇಕಾದದ್ದು ಮೈಸೂರಿನಿಂದ. ರೋಗಿಗಳ ಬಳಿ ಇದ್ದ ಬಂಧುಗಳು ಕೈಗೆ ಸಿಕ್ಕಿದ್ದರಲ್ಲಿ ಗಾಳಿ ಬೀಸುತ್ತ ಕುಳಿತರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದುವು. ಒಂದು ದಿನದೊಳಗೆ 24 ಮಂದಿ ಸತ್ತರೆಂದು ಸರ್ಕಾರ ಪ್ರಕಟಿಸಿತು. ಅವರೆಲ್ಲರೂ ಆಮ್ಲಜನಕವಿಲ್ಲದೆಯೇ ಸತ್ತರೆಂದು ಹೇಳಲಾಗದೆಂದೂ ಜೊತೆಗೇ ಹೇಳಿತು. ಸತ್ತವರು 36 ಎಂಬುದು ಇನ್ನೊಂದು ಲೆಕ್ಕ.

ರಾಜ್ಯದ ಉಚ್ಚ ನ್ಯಾಯಾಲಯ ತಡಮಾಡಲಿಲ್ಲ. ಸಂಬಂಧಪಟ್ಟ ದಾಖಲೆಗಳನ್ನು ವಶಕ್ಕೆ ತೆಗೆದುಕೊಳ್ಳುವಂತೆ ಮುಖ್ಯ ಕಾರ್ಯದರ್ಶಿಗೆ ಆದೇಶಿಸಿತು. ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡರ ಸಮಿತಿಯು ವಿಚಾರಣೆ ನಡೆಸಿ ಅದೇ ತಿಂಗಳಲ್ಲಿ ವರದಿಯನ್ನೊಪ್ಪಿಸಿತು. ಆ ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣವೆಂಬುದು ಸಮಿತಿಯ ನಿರ್ಣಯವಾಗಿತ್ತು. ಸರ್ಕಾರವು ಬೇರೆಯಾಗಿ ನ್ಯಾಯಮೂರ್ತಿ ಬಿ. ಎ. ಪಾಟೀಲರ ಆಯೋಗವನ್ನೂ ನೇಮಿಸಿತು. ಎರಡು ವರ್ಷಗಳ ಬಳಿಕ ಸರ್ಕಾರ ಬದಲಾದಾಗ ಮರುತನಿಖೆಯ ಮಾತು ಬಂದಿತು.

ಸಮಿತಿಯ ವರದಿ ಬಂದು ಎರಡು ತಿಂಗಳಾಗಿತ್ತು. 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಳಿದ ಪ್ರಶ್ನೆಗೆ ಕೇಂದ್ರ ಸರ್ಕಾರ ಕೊಟ್ಟ ಲಿಖಿತ ಉತ್ತರವೇನು ಗೊತ್ತೇ? ಆಮ್ಲಜನಕದ ಕೊರತೆಯಿಂದ ಸತ್ತರೆಂದು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲ ಎಂಬುದು! ವಾಚಕರೆ, ಇಲ್ಲಿ ಯಾರನ್ನು ದೂರುವುದಕ್ಕಿಂತ ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯುವುದು ಲೇಸು. ಆರೋಗ್ಯವು ರಾಜ್ಯದ ವಿಷಯ. ರಾಜ್ಯ ಬರೆದು ಕಳುಹಿಸಿದ್ದನ್ನು ಕೇಂದ್ರ ಕೂಡಿಸಿ ಹೇಳುತ್ತದೆ. ರಾಜ್ಯ ಬರೆಯುವುದು ಜಿಲ್ಲೆಯಿಂದ ಬಂದದ್ದನ್ನು. ಜಿಲ್ಲೆ ಬರೆಯುವುದು ಆಸ್ಪತ್ರೆಯಿಂದ ಬಂದದ್ದನ್ನು. ಆಸ್ಪತ್ರೆಯ ಹಾಳೆಯಲ್ಲಿ ಸಾವಿನ ಕಾರಣವೆಂದು ‘ಕೋವಿಡ್’ ಎಂದೋ ‘ಉಸಿರಾಟದ ವೈಫಲ್ಯ’ ಎಂದೋ ಬರೆಯಲು ಜಾಗವುಂಟು. ‘ಗಾಳಿ ತೀರಿತು’ ಎಂದು ಬರೆಯಲು ಜಾಗವಿಲ್ಲ. ಮೊದಲ ಹಾಳೆಯಲ್ಲಿ ಬಾರದ ಮಾತು ದೆಹಲಿಯ ಹಾಳೆಯಲ್ಲಿ ಹೇಗೆ ಬಂದೀತು? ಗಂಡನನ್ನು ಕಳೆದುಕೊಂಡವಳ ಕಣ್ಣೆದುರು ನಡೆದದ್ದು ಸಂಸತ್ತಿನ ಉತ್ತರದಲ್ಲಿ ನಡೆದೇ ಇಲ್ಲವಾಯಿತು. ಅದನ್ನು ಮರಳಿ ಕಾಗದಕ್ಕೆ ತಂದದ್ದು ನ್ಯಾಯಾಲಯದ ಸಮಿತಿ.

ಲೆಕ್ಕದ ಮಾತು ಬಂದಾಗ ನಮ್ಮವರಿಗೆ ಬಸವಣ್ಣನವರ ನೆನಪಾಗದಿರದು. ಬಿಜ್ಜಳನ ಭಂಡಾರಿಯಾಗಿದ್ದ ಅವರ ಮೇಲೆ, ಅರಸನ ಹಣವನ್ನು ಜಂಗಮರಿಗೆ ಸುರಿದರೆಂಬ ಚಾಡಿ ಹೋಯಿತೆಂದೂ, ಭಂಡಾರವನ್ನು ತೆರೆಸಿ ಎಣಿಸಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಕಾವ್ಯಗಳು ಹೇಳುತ್ತವೆ. ಅದನ್ನು ಪವಾಡವೆಂದು ಕೊಂಡಾಡುವವರೇ ಹೆಚ್ಚು. ನನಗೆ ಅದರಲ್ಲಿ ಮೆಚ್ಚುಗೆಯಾಗುವುದು ಬೇರೆ: ‘ನನ್ನನ್ನೇ ಸಂಶಯಿಸುವಿರಾ’ ಎಂದು ಸಿಡುಕದೆ ಅವರು ಭಂಡಾರದ ಬಾಗಿಲನ್ನು ತೆರೆದರು. ಮಠದ ಪ್ರಸಾದ ನಿಲಯದಲ್ಲಿ ಓದಿದ ನಮ್ಮಂಥವರಿಗೆ ಇದರ ಒಂದು ಸಣ್ಣ ರೂಪ ಗೊತ್ತು. ವರ್ಷಕ್ಕೊಮ್ಮೆ ದಾಸೋಹದ ರಾಗಿ, ಅಕ್ಕಿ, ಬೇಳೆಯ ಜಮಾಖರ್ಚನ್ನು ಹಿರಿಯರು ಭಕ್ತರೆದುರು ಓದುತ್ತಿದ್ದರು. ಹುಡುಗರಾದ ನಮಗೆ ಅದು ಬೇಸರದ ಗಳಿಗೆ. ಹಿಂದೆ ಕುಳಿತು ತೂಕಡಿಸುತ್ತಿದ್ದೆವು. ಅದರ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಉತ್ತರ ಸಿಕ್ಕದಿದ್ದರೆ ಏನಾಗುವುದೆಂಬುದು ಈಚೆಗೆ ನಮ್ಮ ಸೀಮೆಯಲ್ಲಿಯೇ ಕಂಡಿತು. ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ, ಮೆಂದಾರೆ ಮುಂತಾದ ಊರುಗಳಿಗೆ ಸರಿಯಾದ ರಸ್ತೆಯಿಲ್ಲ. ಅಂಥ ಕಡೆ ರೋಗಿಗಳನ್ನೂ ಗರ್ಭಿಣಿಯರನ್ನೂ ಡೋಲಿ ಕಟ್ಟಿ ಹೊತ್ತು ತರುವುದು ಇಂದಿಗೂ ಉಂಟು. 2013ರಲ್ಲಿ ಈ ಕಾಡು ವನ್ಯಜೀವಿ ಧಾಮವಾದ ಮೇಲೆ ರಸ್ತೆಗೆ, ವಿದ್ಯುತ್ ತಂತಿಗೆ ಕಾಯಿದೆಯ ತೊಡಕುಗಳೂ ಸೇರಿಕೊಂಡುವು. ರಸ್ತೆ, ನೀರು, ವಿದ್ಯುತ್ತು ದೊರೆಯದೆ ಮತ ಹಾಕುವುದಿಲ್ಲವೆಂದು ಇಂಡಿಗನತ್ತದವರು ಹಠ ಹಿಡಿದರು. 2024ರ ಏಪ್ರಿಲ್ 26ರ ಮತದಾನದ ದಿನ, ಅಧಿಕಾರಿಗಳು ಮನವೊಲಿಸಲು ಹೋದಾಗ, ಗಲಭೆಯಾಗಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು. ಅನೇಕರ ಮೇಲೆ ಮೊಕದ್ದಮೆಗಳಾದುವು. ಮತ ಹಾಕಬಯಸಿದ ಮೆಂದಾರೆಯ ಗಿರಿಜನರೂ ಪೆಟ್ಟು ತಿಂದರು. ಏಪ್ರಿಲ್ 29ರಂದು ಮರುಮತದಾನವಾಯಿತು. ಕಲ್ಲೆಸೆದದ್ದನ್ನು ಯಾರೂ ಸಮರ್ಥಿಸಲಾರರು. ನೆರೆಯ ಊರಿನ ಬಡವನನ್ನು ಹೊಡೆದದ್ದನ್ನಂತೂ ಸರ್ವಥಾ ಸಮರ್ಥಿಸಲಾಗದು. ಆದರೆ 1898ರ ಗಂಜಾಮನ್ನು ಓದಿದವನಿಗೆ ಇದು ಆಶ್ಚರ್ಯವನ್ನುಂಟುಮಾಡುವುದಿಲ್ಲ. ಒಂದು ವರ್ಷ ಕಳೆದು, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು. 1881ರಲ್ಲಿ ಪ್ರಜೆಗಳು ದಿವಾನರ ಬಳಿಗೆ ಹೋಗಿದ್ದರು. ಈಗ ಮಂತ್ರಿಗಳು ಬೆಟ್ಟ ಹತ್ತಿ ಬಂದರು. ಅಂದು ಹೇಳಿದ ಮಾತುಗಳಲ್ಲಿ ಎಷ್ಟು ನಡೆಯಿತೆಂಬುದನ್ನು ಬೆಟ್ಟದವರು ಬರೆದಿಟ್ಟುಕೊಂಡು ನೋಡಬೇಕು.

ಇಂದು ಬಂಡಳ್ಳಿಯ ರೈತನ ಕೈಯಲ್ಲಿ ಏನಿದೆ? ಅವನ ಮುತ್ತಜ್ಜನಿಗೆ ಇಲ್ಲದಿದ್ದ ಹಲವು ಸಾಧನಗಳಿವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದ ಮಾಹಿತಿಯನ್ನು 30 ದಿನಗಳೊಳಗೆ ಕೊಡಬೇಕು; ಬಡತನದ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವನ್ನು ಬಹುಮಂದಿ ಅರಿಯರು. 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ ಕೆಲಸ ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಪರಿಹಾರ ಕೇಳಬಹುದು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಊರಿನ ಜನಕ್ಕೂ ಅವುಗಳಲ್ಲಿ ಸ್ಥಾನವಿದೆ. ಆ ಸಮಿತಿ ಕಳೆದ ಬಾರಿ ಯಾವಾಗ ಸೇರಿತು, ಬಂದ ಹಣದಲ್ಲಿ ಏನನ್ನು ಕೊಂಡಿತು ಎಂದು ಕೇಳಿದವರು ನಮ್ಮ ಓದುಗರಲ್ಲಿ ಎಷ್ಟು ಮಂದಿ ಇದ್ದಾರೆ? ಮಠದಲ್ಲಿ ಓದಿ ಮೇಷ್ಟರಾಗಿ, ವಕೀಲರಾಗಿ, ಅಧಿಕಾರಿಗಳಾಗಿ ನಿವೃತ್ತರಾಗಿ ಊರು ಸೇರಿದವರು ಎಷ್ಟೋ ಜನ ಇದ್ದೀರಿ. ಅರ್ಜಿ ಬರೆಯಲು ಬಾರದ ನೆರೆಯವನಿಗೆ ಒಂದು ಹಾಳೆ ಬರೆದುಕೊಡಲು ತಮಗೆ ಅರ್ಧ ಗಂಟೆ ಸಾಕು.

ಕೊನೆಗೊಂದು ಮಾತಿನ ಚರಿತ್ರೆ. ಹಿಂದೆ ‘ಜಮಾಬಂದಿ’ ಎಂದರೆ ರೈತನ ಎದೆ ನಡುಗುತ್ತಿತ್ತು. ಅಮಲ್ದಾರನು ಶಾನುಭೋಗರ ಪುಸ್ತಕಗಳನ್ನು ತೆರೆಸಿ, ಯಾರು ಎಷ್ಟು ಕಂದಾಯ ಕಟ್ಟಬೇಕು, ಎಷ್ಟು ಬಾಕಿ ಎಂದು ಲೆಕ್ಕ ತೆಗೆಯುವ ದಿನವದು. ಸರ್ಕಾರ ಪ್ರಜೆಯ ಲೆಕ್ಕ ಕೇಳುವ ದಿನ. ಅದೇ ಹೆಸರು ಈಗಲೂ ಉಳಿದಿದೆ, ದಿಕ್ಕು ಮಾತ್ರ ತಿರುಗಿದೆ. ಪ್ರತಿ ವರ್ಷ ಆಗಸ್ಟ್ ಸೆಪ್ಟೆಂಬರ್ ಸುಮಾರಿಗೆ ಗ್ರಾಮ ಪಂಚಾಯತಿಗಳಲ್ಲಿ ನಡೆಯುವ ಜಮಾಬಂದಿಯಲ್ಲಿ ಪಂಚಾಯತಿಯೇ ತನ್ನ ಆದಾಯ, ವೆಚ್ಚ, ಕಾಮಗಾರಿಗಳ ಲೆಕ್ಕವನ್ನು ಊರವರ ಎದುರು ಒಪ್ಪಿಸಬೇಕು. ಕುಡಿಯುವ ನೀರಿನ ಟ್ಯಾಂಕಿಗೆ ಎಷ್ಟು ಖರ್ಚಾಯಿತು, ಚರಂಡಿ ಯಾವ ಬೀದಿಯಲ್ಲಾಯಿತು ಎಂಬ ಕಡತವನ್ನು ಅಂದು ನೋಡಲು ಯಾರೂ ಅರ್ಜಿ ಹಾಕಬೇಕಾಗಿಲ್ಲ. ಅದು ಮೇಜಿನ ಮೇಲೆ ತೆರೆದಿರಬೇಕು.